ಅರ್ಲ್ ಹ್ಯೂನ ಕೊನೆಯ ಹಾಳೆ

"ಕೊನೆಯ ಹಾಳೆಯನ್ನು ಓದಿ, ಬೇಡ ಅನ್ನುವುದಿಲ್ಲ. ಬರೆದುಕೊಳ್ಳಬೇಡಿ," ಎಂದಳು ಫ್ರಾವ್ ಲಿಂಡ್ನರ್.

ಸೇತುಮಾಧವ ನಕ್ಕ. ನಗುವುದಕ್ಕೆ ಅವನ ಬಳಿ ಕಾರಣವೂ ಇತ್ತು. ಧಾರವಾಡದ ಸುತ್ತಿನ ಊರೂರು ತಿರುಗಿ, ಹೊಲದ ಬದುವಿನಲ್ಲಿ, ಎಮ್ಮೆ ಕಟ್ಟುವ ಹಕ್ಕೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಶಾಸನ ಓದಿ ಓದಿ ಕಣ್ಣು ಕೆಡಿಸಿಕೊಂಡವನು ಅವನು. ಯಾವ ಶಾಸನ ಓದಿದರೂ ಕೊನೆಗೊಂದು ಶಾಪ ಇದ್ದದ್ದೇ. ಈ ದತ್ತಿ ಕೆಡಿಸಿದವನು ಕಾಶಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುವನು, ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುವನು. ಶಾಸನದ ಪಂಡಿತರು ಅದನ್ನು ಓದುವ ಗೋಜಿಗೂ ಹೋಗುವುದಿಲ್ಲ. 'ಕೊನೆಯಲ್ಲಿ ವಾಡಿಕೆಯ ಶಾಪಾಶಯವಿದೆ' ಎಂದು ಒಂದು ಸಾಲು ಗೀಚಿ ಮುಂದಿನ ಕಲ್ಲಿಗೆ ನಡೆಯುತ್ತಾರೆ.

"ನಮ್ಮಲ್ಲಿ ಕಲ್ಲಿಗೊಂದು ಶಾಪವಿದೆ, ಫ್ರಾವ್ ಲಿಂಡ್ನರ್. ಕಡಿಮೆಯೆಂದರೂ ಮುನ್ನೂರು ಮುಟ್ಟಿದ್ದೇನೆ. ನೋಡಿ, ಇನ್ನೂ ಹುಳುವಾಗಿಲ್ಲ."

ಮುದುಕಿ ನಗಲಿಲ್ಲ. ಕೈಯಲ್ಲಿದ್ದ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು. "ಆ ಶಾಪಗಳಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆಯೇ?"

"ಇಲ್ಲ."

"ಇದರಲ್ಲಿದೆ. ಯಾರದೋ ಹೆಸರು ಇತ್ತು, ಕೆರೆದು ತೆಗೆದಿದ್ದಾರೆ. ಶಾಪ ಹಾಗೇ ಉಳಿದಿದೆ. ಬರೆಯುವ ಕೈಗೆ ಖಾಲಿ ಜಾಗ ಕಂಡರೆ ಸುಮ್ಮನಿರುವುದು ಗೊತ್ತಿಲ್ಲ. ಅದಕ್ಕೇ ಹೇಳಿದೆ." ಇಷ್ಟು ಹೇಳಿ ಅವಳು ತನ್ನ ಕೋಣೆಗೆ ಹೋದಳು.

ಅದು ಸಾವಿರದ ಒಂಬೈನೂರ ಎಪ್ಪತ್ತರ ನವೆಂಬರ್. ಜರ್ಮನಿಯ ಎರ್ಲಾಂಗೆನ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ವಾಲ್ಡ್‌ಕ್ರಾನ್ ಎಂಬ ಹಳೆಯ ಕ್ರೈಸ್ತ ಮಠ. ಮಠದಲ್ಲಿ ಸಂನ್ಯಾಸಿಗಳು ಇಲ್ಲದೆ ಕಾಲವಾಗಿತ್ತು; ಉಳಿದದ್ದು ಪುಸ್ತಕ ಮತ್ತು ಆ ಪುಸ್ತಕಗಳನ್ನು ಕಾಯುವ ಫ್ರಾವ್ ಲಿಂಡ್ನರ್. ಒಳಗೆ ಕಾಲಿಟ್ಟರೆ ಹಳೆಯ ಚರ್ಮದ, ಒದ್ದೆ ಸುಣ್ಣದ, ಇಲಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಕ್ಯಾಮೆರಾ ಕೂಡದು, ಮಸಿ ಕೂಡದು, ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಮಧ್ಯಾಹ್ನ ಮೂರೂವರೆಗೆಲ್ಲ ಕಿಟಕಿಯಲ್ಲಿ ಬೆಳಕು ಸಾಯುತ್ತಿತ್ತು. ಸೆಪ್ಟೆಂಬರಿನಿಂದ ವಾರಕ್ಕೆ ಮೂರು ದಿನ ಬಂದು, ಆ ಥಂಡಿಯಲ್ಲಿ ಕೋಟು ಬಿಚ್ಚದೆ ಕೂತು, ಸೇತುಮಾಧವ ಒಂದೇ ಲ್ಯಾಟಿನ್ ಹಸ್ತಪ್ರತಿಯನ್ನು ಅಕ್ಷರ ಬಿಡದೆ ಇಳಿಸಿಕೊಳ್ಳುತ್ತಿದ್ದ. ಅದು ಅರ್ಲ್ ಹ್ಯೂ ಎಂಬ ಇಂಗ್ಲಿಷ್ ಸರದಾರನ ಚರಿತ್ರೆ.

ಈ ಹ್ಯೂ, ಹಾರ್ನ್‌ಮಿಯರ್ ಎಂಬ ಜೌಗು ಸೀಮೆಯ ಒಡೆಯ. ಎಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನ ಗದ್ದುಗೆಗಾಗಿ ಸ್ಟೀಫನ್ ದೊರೆಗೂ ಅವನ ಸೋದರಸಂಬಂಧಿ ಮಟಿಲ್ಡಾಳಿಗೂ ಜಗಳ ಹತ್ತಿ, ದೇಶ ಹತ್ತೊಂಬತ್ತು ವರ್ಷ ಉರಿಯಿತು. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದ ಸಾಮಂತರೂ ಗಾಳಿ ಬಂದಾಗ ತೂರಿಕೊಳ್ಳುತ್ತಿದ್ದರು. ಈ ಎರಡು ಕಡೆಯ ಪಕ್ಷಾಂತರಿಗಳನ್ನು ಅಕ್ಕಪಕ್ಕ ಕೂರಿಸಿ ನೋಡುವುದೇ ಸೇತುಮಾಧವನ ಪ್ರಬಂಧ. ಹ್ಯೂ ಅದಕ್ಕೆ ಹೇಳಿ ಮಾಡಿಸಿದ ಮನುಷ್ಯ. ಒಂದು ಕೋಟೆಗಾಗಿ ದೊರೆಯ ಪಾದ ಮುಟ್ಟಿ ಆಣೆ ಇಟ್ಟ. ಎರಡು ಕೋಟೆ ಕೊಡುತ್ತೇನೆಂದಾಗ ಮಟಿಲ್ಡಾಳ ಕೈ ಹಿಡಿದು ಆಣೆ ಇಟ್ಟ. ದೊರೆ ಮೂರು ಎಂದ, ಇವನು ಮತ್ತೆ ತಿರುಗಿದ. ಆಣೆಗಳು ಅವನ ಬಾಯಲ್ಲಿ ಎಲೆಯಡಿಕೆಯ ಹಾಗೆ, ಅಗಿದ, ಉಗಿದ.

ಕೊನೆಗೊಂದು ದಿನ ದೊರೆ ಅವನನ್ನು ಹಿಡಿದು, ಕೋಟೆಗಳನ್ನೆಲ್ಲ ಕಿತ್ತುಕೊಂಡು, ಬರಿಗೈಯಲ್ಲಿ ಬಿಟ್ಟ. ಹ್ಯೂಗೆ ಇರಲು ಜಾಗ ಬೇಕಿತ್ತು. ಜೌಗಿನ ನಡುವೆ ಒಂದು ಮಠವಿತ್ತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನುಗ್ಗಿ, ಸಂನ್ಯಾಸಿಗಳನ್ನು ಮೈಮೇಲಿನ ಬಟ್ಟೆಯಲ್ಲೇ ಹೊರಗೆ ತಳ್ಳಿ, ಪೂಜೆಯ ಜಾಗದಲ್ಲಿ ಕುದುರೆ ಕಟ್ಟಿಸಿದ. ದೇವರ ಮನೆ ಕೋಟೆಯಾಯಿತು. ಹನ್ನೆರಡು ಜನ ಸಂನ್ಯಾಸಿಗಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕೈಗೊಂದು ಮೇಣದಬತ್ತಿ ಹಿಡಿದು, ಬಹಿಷ್ಕಾರದ ಶಾಪ ಓದಿದರು. ಓದಿ ಮುಗಿಸಿ ಬತ್ತಿಗಳನ್ನು ತಲೆಕೆಳಗಾಗಿ ನೆಲಕ್ಕೆ ಕುಕ್ಕಿದರು. ಆ ಹನ್ನೆರಡರಲ್ಲಿ ಒಬ್ಬನು ಮುಪ್ಪಿನಲ್ಲಿ ಆ ಶಾಪದ ಹಾಳೆ ಹಿಡಿದು, ಕಡಲು ದಾಟಿ, ನಡೆದು ನಡೆದು ಜರ್ಮನಿಗೆ ಬಂದು, ವಾಲ್ಡ್‌ಕ್ರಾನ್‌ನಲ್ಲಿ ಕೂತು, ಈ ಚರಿತ್ರೆ ಬರೆದು, ಕೊನೆಗೆ ಆ ಹಾಳೆಯನ್ನು ಹೊಲಿದ. ಶತ್ರು ಬರೆದ ಚರಿತ್ರೆ, ಅದಕ್ಕೇ ಇಷ್ಟು ಚೆನ್ನಾಗಿದೆ ಎಂದು ಸೇತುಮಾಧವ ಹೆಂಡತಿಗೆ ಹೇಳುತ್ತಿದ್ದ.

ಆಮೇಲೆ ಹ್ಯೂ ಹೋದಲ್ಲೆಲ್ಲ ಪಂಜು ಆರಿತಂತೆ. ಅವನ ಮಾತು ಅವನ ಜನಕ್ಕೇ ಕೇಳದಾಯಿತಂತೆ. ಒಂದು ನಡುಮಧ್ಯಾಹ್ನ ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಅವನು ತನ್ನದೇ ಕೋಟೆಯ ಬಾಗಿಲಿಗೆ ಬಂದು, ತೆಗೆಯಿರೋ ಎಂದು ಕೂಗಿದ. ಕಾವಲಿನವರು ಮೇಲೆ ನಿಂತು ಬಯಲು ನೋಡುತ್ತಿದ್ದರು. ಅವರ ಕಣ್ಣ ಮುಂದೆಯೇ ಅವನನ್ನು ಕಡಿದರು. ಹೂಳಿದ ಹೆಣ ಮೂರು ಸಲ ಮಣ್ಣಿನ ಮೇಲೆ ಬಂದು ಬಿದ್ದಿತ್ತು. ಕೊನೆಗೆ ಸೀಸದ ಪೆಟ್ಟಿಗೆಯಲ್ಲಿ ಹಾಕಿ ಮರಕ್ಕೆ ನೇತುಹಾಕಿದರು. ಇಪ್ಪತ್ತು ವರ್ಷ ಅಲ್ಲೇ ತೂಗಾಡಿತು. ಆ ಮಠದ ಹಿರಿಯನೇ ಶಾಪದಿಂದ ಹೆಸರನ್ನು ಕೆರೆದು ತೆಗೆದ ಮೇಲೆಯೇ ಮಣ್ಣು ಅವನನ್ನು ಒಪ್ಪಿಕೊಂಡಿತು. ನಡುವೆ ಹ್ಯೂನ ಮಕ್ಕಳ ಬಗ್ಗೆ ನಾಲ್ಕು ಸಾಲು ಇದ್ದವು. ವಂಶಾವಳಿ ಪ್ರಬಂಧಕ್ಕೆ ಬೇಡವೆಂದು ಸೇತುಮಾಧವ ಅವನ್ನು ಇಳಿಸಿಕೊಂಡನಷ್ಟೇ, ಮನಸ್ಸಿಟ್ಟು ಓದಲಿಲ್ಲ.

ಹಿಂದೆ ಮೂವರು ವಿದ್ವಾಂಸರು ಈ ಪ್ರತಿ ಮಾಡಿಕೊಂಡಿದ್ದರು. ಮೂವರದೂ ಕೊನೆಯ ಹಾಳೆಗೆ ಮೊದಲೇ ನಿಂತಿತ್ತು. ನಾಲ್ಕನೆಯವನಾಗಿ ತಾನು ಪೂರ್ತಿ ಮಾಡಿದರೆ ಎರ್ಲಾಂಗೆನ್‌ನ ಪ್ರೊಫೆಸರ್ ಕುರ್ಚಿಯಿಂದ ಎದ್ದು ಕೈ ಕುಲುಕುವುದು ಖಂಡಿತ. ಆಸೆಗೆ ಅಂಕೆ ಎಲ್ಲಿ? ಮಧ್ಯಾಹ್ನ ಹನ್ನೆರಡಕ್ಕೆ ಫ್ರಾವ್ ಲಿಂಡ್ನರ್ ಸೂಪ್ ಕುಡಿಯಲು ಹೋದಳು. ಸೇತುಮಾಧವ ಕೊನೆಯ ಹಾಳೆ ತೆರೆದ.

ಬೆಳಕು ಸಾಲದು. ಅವನು ಮೂಗು ತಾಗುವಷ್ಟು ಬಾಗಿ ಓದಿ ಓದಿ ಬರೆದ. 'ಉಣ್ಣುವಲ್ಲಿ, ಮಲಗುವಲ್ಲಿ, ನಿಂತಲ್ಲಿ, ನಡೆದಲ್ಲಿ ಇವನು ಹೊರಗು. ಬೆಂಕಿ ಇವನಿಗೆ ಕಾವು ಕೊಡದಿರಲಿ. ಇವನು ಕರೆದರೆ ಯಾರೂ ಓಗೊಡದಿರಲಿ. ಕಾಣುವ ಕಣ್ಣು ಇವನನ್ನು ಕಾಣದಿರಲಿ. ಇವನ ಹೆಸರು ಹೊತ್ತವರಿಗೂ ಹಾಗೇ ಆಗಲಿ. ಇವನು ಯಾರೆಂದರೆ.' ಅಲ್ಲಿಗೆ ಮುಗಿಯಿತು. ಕೆಳಗೆ ಚರ್ಮದ ಹಾಳೆ ಕೆರೆದು ತೆಳುವಾದ ಒಂದು ಬಿಳಿ ಕಲೆ.

ಈಗ ಅವನ ಮನೆತನದ ಒಂದು ಮಾತು ಹೇಳಬೇಕು. ಐದು ತಲೆಮಾರಿನಿಂದ ಅವರು ತಮ್ಮೂರಿನ ಮಠಕ್ಕೆ ಗ್ರಂಥ ನಕಲು ಮಾಡಿಕೊಡುವವರು. ಬರೆದವನ ಹೆಸರಿಲ್ಲದ ಪ್ರತಿ ಕದ್ದ ಪ್ರತಿ, ಅದರ ಪುಣ್ಯ ಯಾರಿಗೂ ಸೇರದು ಎಂದು ಅಜ್ಜ ಎಂಟು ವರ್ಷದ ಮೊಮ್ಮಗನ ಗೆಣ್ಣಿಗೆ ಕಟ್ಟಿಗೆಯಿಂದ ಬಡಿದು ಕಲಿಸಿದ್ದ. ಕೊನೆಯ ಅಕ್ಷರ ಮುಗಿದೊಡನೆ, ತಲೆ ಎತ್ತುವ ಮೊದಲು, ಲಿಪಿಕಾರ ತನ್ನ ಹೆಸರು ಹಾಕಬೇಕು. ಆ ಕೈಗೆ ಇದಕ್ಕಾಗಿ ತಲೆಯ ಅಪ್ಪಣೆ ಬೇಕಿರಲಿಲ್ಲ.

ತಾನು ಬರೆದ ಕಾಗದ ಮಡಚುವಾಗ ಅವನು ನೋಡಿದ. 'ಇವನು ಯಾರೆಂದರೆ' ಎಂಬುದರ ಕೆಳಗೆ ದುಂಡಾಗಿ, ಕನ್ನಡದಲ್ಲಿ, ಸೇತುಮಾಧವ.

ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ನಗು ಬಂತು. ಹನ್ನೆರಡನೆಯ ಶತಮಾನದ ಇಂಗ್ಲಿಷ್ ಸಂನ್ಯಾಸಿಗೆ ಕನ್ನಡ ಓದಲು ಬರುತ್ತದೆಯೇ? ರಬ್ಬರಿನಿಂದ ತಿಕ್ಕಿದ. ಹೆಸರು ಅಳಿಸಿಹೋಯಿತು. ಪುಡಿಯನ್ನು ಊದಿದ.

ಪಕ್ಕದ ಕೋಣೆಯಲ್ಲಿ ಏನೋ ಮೆತ್ತಗಿನದು ನೆಲಕ್ಕೆ ಬಿತ್ತು. ಟಪ್.

ಆಮೇಲೆ ವಾಸನೆ. ಆಗತಾನೆ ಆರಿದ ಬತ್ತಿಯ, ಕರಗಿದ ಮೇಣದ ವಾಸನೆ. ಪುಸ್ತಕಗಳಿರುವ ಆ ಕಟ್ಟಡದಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿ ಇನ್ನೂರು ವರ್ಷವಾಗಿತ್ತು. ಹೋಗಿ ನೋಡಿದ. ಪಕ್ಕದ ಕೋಣೆ ಖಾಲಿಯಿತ್ತು.

ಮನೆಗೆ ಬಂದಾಗ ಹೆಂಡತಿ ಊರ್ಮಿಳಾ ಕಲ್ಲಿದ್ದಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳು ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ದೆವ್ವ, ದೃಷ್ಟಿ ಎಂದರೆ ಮೂಗು ಮುರಿಯುವವಳು. "ಈಗ ಚಲೋ ಉರೀತಿತ್ತು. ನೀ ಬಾಗಲಾ ತಗದಿ, ಆರಿತು. ಕೋಲ್ ಹಸಿ ಬಂದಾವೇನೋ."

"ನಾಳೆ ಬ್ಯಾರೆ ಬ್ಯಾಗ್ ತರ್ತೀನಿ ಬಿಡು," ಎಂದು ಅವನು ಕಡ್ಡಿ ಗೀರಿದ. ಉರಿ ಬಂತು, ಬಗ್ಗಿತು, ಸತ್ತಿತು. ಇನ್ನೊಂದು. ಮತ್ತೊಂದು. ಊರ್ಮಿಳಾ ಪೆಟ್ಟಿಗೆ ಕಿತ್ತುಕೊಂಡು ಗೀರಿದಳು, ಹತ್ತಿತು. ಅವನು ಹತ್ತಿರ ಬಾಗಿದ, ಆರಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮರುದಿನದಿಂದ ಸದ್ದು ಅವನ ಬೆನ್ನು ಹತ್ತಿತು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಯೂನಿವರ್ಸಿಟಿಯ ಮೆಟ್ಟಿಲ ಮೇಲೆ. ಟಪ್. ಪ್ರತಿ ಸಲವೂ ಆ ಸುಟ್ಟ ಬತ್ತಿಯ ವಾಸನೆ, ಪ್ರತಿ ಸಲವೂ ಒಂದು ಎಳೆ ಕಡಿದ ಹಾಗೆ ಯಾರೋ ಒಬ್ಬರು ಅವನಿಂದ ದೂರವಾಗುತ್ತಿದ್ದರು. ಬೇಕರಿಯ ಹೆಂಗಸು ಅವನ ಹಿಂದಿನವರಿಗೆ ಬ್ರೆಡ್ ಕೊಟ್ಟಳು, ಅವನ ಮುಂದೆ ಕೈ ಚಾಚಿ. ಪ್ರೊಫೆಸರ್ ತನ್ನ ಕೋಣೆಯ ದೀಪ ಆರಿಸಿ, ಒಳಗೆ ಇವನನ್ನು ಬಿಟ್ಟು, ಬಾಗಿಲಿಗೆ ಬೀಗ ಹಾಕಿಕೊಂಡು ಹೋದ. ಕಿಟಕಿಯಿಂದ ಇಳಿದು ಬರಬೇಕಾಯಿತು. ಕರಿಯ ಚರ್ಮ ಕಂಡರೆ ಇವರಿಗೆ ಹಾಗೇ ಎಂದು ಮೊದಲು ಸಿಟ್ಟು ಬಂತು. ಆ ಸಿಟ್ಟು ಎರಡು ದಿನ ಅವನನ್ನು ಕಾಪಾಡಿತು. ಮೂರನೆಯ ದಿನ ಅವನು ರಸ್ತೆ ದಾಟುವಾಗ ಲಾರಿ ಹಾರ್ನ್ ಮಾಡಲೂ ಇಲ್ಲ, ನಿಧಾನಿಸಲೂ ಇಲ್ಲ. ಡ್ರೈವರನ ಕಣ್ಣು ತನ್ನ ಮೂಲಕ ರಸ್ತೆಯನ್ನು ನೋಡುತ್ತಿದ್ದುದನ್ನು ಅವನು ಕಂಡ. ಆಗ ಹೆದರಿದ.

ಊರ್ಮಿಳಾಳಿಗೆ ಮಾತ್ರ ಅವನು ಕಾಣುತ್ತಿದ್ದ. ಮಾತು ಸಣ್ಣಗೆ, ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಅವನು ಎಲ್ಲವನ್ನೂ ಹೇಳಿಬಿಟ್ಟ. ಹಾಳೆ, ಹೆಸರು, ಬತ್ತಿ. ಅವಳು ನಗುತ್ತಾಳೆಂದುಕೊಂಡಿದ್ದ, ಬೈಯುತ್ತಾಳೆಂದು ಆಸೆಯೂ ಪಟ್ಟಿದ್ದ.

"ಆ ಮುದುಕಿ ಬ್ಯಾಡ ಅಂದಾಗ ಬಿಡಬಾರ್ದಾಗಿತ್ತೇನು?" ಅಷ್ಟೇ ಕೇಳಿದಳು.

ಆಗ ಒಳಕೋಣೆಯಿಂದ ಮಂದಾಕಿನಿ ಬಂದಳು. ಏಳು ವರ್ಷದ ಮಗಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವವಳು. "ಮಿಯರ್ ಇಸ್ಟ್ ಕಾಲ್ಟ್," ಎಂದಳು, ಥಂಡಿಯಾಗುತ್ತಿದೆ ಎಂದು. ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಅಪ್ಪ ಮುಂದೆ ಕೂತಿದ್ದರೂ ಅವನ ಕಡೆ ನೋಡಲಿಲ್ಲ. "ಅವ್ವಾ, ಟೀಚರ್ ಇವತ್ತೂ ನನ್ನ ಹೆಸರು ಕರೀಲಿಲ್ಲ. ನಿನ್ನೇನೂ ಕರೀಲಿಲ್ಲ. ನಾ ಕೈ ಎತ್ತೇ ಕೂತಿದ್ದೆ." ಆ ಮಾತನ್ನು ಅವಳು ಕನ್ನಡದಲ್ಲಿ ಹೇಳಿದ್ದಕ್ಕೇ ಊರ್ಮಿಳಾಳ ಎದೆ ಒಡೆಯಿತು.

ಊರ್ಮಿಳಾ ಮಗಳನ್ನು ಎತ್ತಿಕೊಂಡು ಒಲೆಯ ಹತ್ತಿರ ಹೋದಳು. ಒಲೆ ಆರಿತು.

ಸಂಜೆಯ ಹೊತ್ತಿಗೆ ಮಗುವಿನ ತುಟಿ ನೀಲಿಯಾಗಿತ್ತು. ಊರ್ಮಿಳಾ ಮೂರು ಥರ್ಮಾಮೀಟರ್ ಬದಲಾಯಿಸಿದಳು. ಮೂವತ್ತೇಳು ಡಿಗ್ರಿ ಇರಬೇಕಾದಲ್ಲಿ ಮೂವತ್ತನಾಲ್ಕೂವರೆ. ಬಿಸಿನೀರಿನ ರಬ್ಬರ್ ಚೀಲ ಮಗುವಿನ ಹೊಟ್ಟೆಯ ಮೇಲಿಟ್ಟರೆ ಹತ್ತು ಎಣಿಸುವಷ್ಟರಲ್ಲಿ ಚೀಲವೇ ತಣ್ಣಗಾಗುತ್ತಿತ್ತು. ಆಸ್ಪತ್ರೆಗೆ ಒಯ್ದಳು. ಅವಳದೇ ವಾರ್ಡಿನ ನರ್ಸು ಮಂಚದ ಮುಂದೆ ನಿಂತು, "ಪೇಶೆಂಟ್ ಎಲ್ಲಿ, ಡಾಕ್ಟರ್?" ಎಂದಳು. ಮಂದಾ ಆ ಮಂಚದ ಮೇಲೆ ಮಲಗಿ ಅವಳನ್ನೇ ನೋಡುತ್ತಿದ್ದಳು. ಊರ್ಮಿಳಾ ಮಗುವನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದಳು.

"ನನಗ ಹತ್ತಿದ್ದು ನನಗ ಇರ್ಲಿ," ಎಂದ ಸೇತುಮಾಧವ. "ಅಕೀಗೆ ಯಾಕ? ಅಕಿ ಏನು ಮಾಡ್ಯಾಳ?"

ಬೆಳಗಾಗುತ್ತಲೇ ಮಗುವನ್ನು ಹೊತ್ತುಕೊಂಡು ಇಬ್ಬರೂ ವಾಲ್ಡ್‌ಕ್ರಾನ್‌ಗೆ ಹೋದರು. ಫ್ರಾವ್ ಲಿಂಡ್ನರ್‌ಗೆ ಕಂಡದ್ದು ಊರ್ಮಿಳಾ ಒಬ್ಬಳೇ, ತೋಳಲ್ಲಿ ಖಾಲಿ ಕಂಬಳಿ. ಆದರೂ ಅವಳು ಏನನ್ನೂ ಕೇಳದೆ ಹಸ್ತಪ್ರತಿ ತಂದಿಟ್ಟು, ಕೊನೆಯ ಹಾಳೆಯನ್ನು ಕಡ್ಡಿಯಿಂದ ತಿರುವಿದಳು. ಬೆರಳಿನಿಂದ ಮುಟ್ಟಲಿಲ್ಲ.

ಕೆರೆದು ತೆಳುವಾಗಿದ್ದ ಆ ಬಿಳಿ ಕಲೆಯಲ್ಲಿ ಈಗ ಹಳೆಯ ಕಂದು ಮಸಿಯಲ್ಲಿ ದುಂಡಗಿನ ಅಕ್ಷರಗಳಿದ್ದವು. ಚರ್ಮದೊಳಗೆ ಇಳಿದು ಒಣಗಿದ್ದವು. ಎಂಟುನೂರು ವರ್ಷದಿಂದ ಅಲ್ಲೇ ಇದ್ದ ಹಾಗೆ. ಸೇತುಮಾಧವ.

"ಇದು ಯಾವ ಲಿಪಿ ಎಂದು ನನಗೆ ಗೊತ್ತಿಲ್ಲ," ಎಂದಳು ಮುದುಕಿ. "ಇಲ್ಲಿ ಕೂತು ಬರೆದುಕೊಳ್ಳುತ್ತಿದ್ದವನು ಬರುವುದನ್ನು ನಿಲ್ಲಿಸಿದ ದಿನ ಕಂಡಿತು. ಅವನು ನಿಮ್ಮ ಗಂಡನೇ?"

"ಹೌದು. ಇದನ್ನು ಕೆರೆದು ತೆಗೆಯಲು ಆಗುವುದಿಲ್ಲವೇ?"

"ಹಾಕಿದ ಮಠದವರೇ ತೆಗೆಯಬೇಕು. ಆ ಮಠ ಮುರಿದುಬಿದ್ದು ನಾನೂರು ವರ್ಷ ದಾಟಿತು. ನಾನು ಕೆರೆದರೆ ಚರ್ಮ ಹರಿಯುತ್ತದೆ, ಅಷ್ಟೇ."

ಸೇತುಮಾಧವ ಆ ಮಾತು ಕೇಳುತ್ತಿರಲಿಲ್ಲ. ಹಿಂದಿನ ಹಾಳೆಗಳನ್ನು ಹುಚ್ಚನಂತೆ ತಿರುವುತ್ತಿದ್ದ. ಮುದುಕಿಗೆ ಹಾಳೆಗಳು ತಾವೇ ಮಗುಚುವುದು ಕಂಡಿರಬೇಕು, ಗೋಡೆಗೆ ಅಂಟಿಕೊಂಡು ನಿಂತಳು. ಮಕ್ಕಳ ವಿಚಾರದ ನಾಲ್ಕು ಸಾಲು. ತಾನೇ ಬರೆದುಕೊಂಡು ತಾನೇ ಓದದ ಸಾಲುಗಳು. ಹ್ಯೂಗೆ ಮೂವರು ಮಕ್ಕಳು. ಮೊದಲಿನ ಇಬ್ಬರು ಅಪ್ಪನ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರು. ಅಪ್ಪ ಬಹಿಷ್ಕೃತನಾದ ತಿಂಗಳಲ್ಲೇ, ಬೇಸಗೆಯಲ್ಲಿ, ಒಲೆಯ ಪಕ್ಕದಲ್ಲಿ, ಥಂಡಿಯಿಂದ ಸತ್ತರು. ಮೂರನೆಯವನು ಅಜ್ಜಿಯ ಮನೆಯಲ್ಲಿ ಬೆಳೆದವನು, ತಾಯಿಯ ಹೆಸರಿನವನು. ಅವನು ಬದುಕಿದ. ತಂದೆಯನ್ನು ಮಣ್ಣಿಗೆ ಸೇರಿಸಿದವನು ಅವನೇ.

'ಇವನ ಹೆಸರು ಹೊತ್ತವರಿಗೂ ಹಾಗೇ ಆಗಲಿ.'

ಸೇತುಮಾಧವನಿಗೆ ಹೊಳೆಯಿತು. ಅವರ ಮನೆಯಲ್ಲಿ ಮನುಷ್ಯನಿಗೆ ಹೆಸರು ಒಂದೇ. ಹಿಂದೆ ಊರಿನದೋ ಅಪ್ಪನದೋ ಒಂದು ಅಕ್ಷರ. ಮನೆತನದ ಹೆಸರು ಎಂಬುದನ್ನು ಅವನ ಅಪ್ಪ ಇಟ್ಟುಕೊಂಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಆಮ್ಟ್‌ನಲ್ಲಿ, ಅಂದರೆ ಊರಿನ ನೋಂದಣಿ ಕಚೇರಿಯಲ್ಲಿ, ಕುಟುಂಬದ ಹೆಸರು ಎಂಬ ಖಾನೆ ತುಂಬಲೇಬೇಕೆಂದರು. ಖಾನೆ ಖಾಲಿ ಬಿಡುವ ಹಾಗಿಲ್ಲ. ಅವನು ತನ್ನ ಹೆಸರನ್ನೇ ಬರೆದ. ಮಗಳು ಮಂದಾಕಿನಿ ಸೇತುಮಾಧವ ಆದಳು. ಶಾಲೆಯ ಹಾಜರಿಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಅದೇ ಹೆಸರಿನಿಂದ. ಊರ್ಮಿಳಾಳ ಡಿಗ್ರಿಗಳೆಲ್ಲ ತವರಿನ ಹೆಸರಿನಲ್ಲಿದ್ದವು, ಪಾಸ್‌ಪೋರ್ಟೂ ಅದೇ. ಅವಳು ಡಾಕ್ಟರ್ ಊರ್ಮಿಳಾ ಗಲಗಲಿಯಾಗಿಯೇ ಉಳಿದಿದ್ದಳು. ಅದಕ್ಕೇ ಅವಳ ಮೈ ಬೆಚ್ಚಗಿತ್ತು.

"ಆಮ್ಟ್‌ಗೆ ಹೋಗೂಣು," ಎಂದ. ಅವಳಿಗೆ ಕೇಳಲಿಲ್ಲ. ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿ ತುಟಿ ಆಡಿಸಿದ. "ಮಂದಾನ ಹೆಸರು ನಿನ್ನ ಹೆಸರಿಗೆ ಹಚ್ಚು. ಈಗ. ಇವತ್ತ."

ಅಂದು ಶುಕ್ರವಾರ. ಆಮ್ಟ್ ಹನ್ನೆರಡಕ್ಕೆ ಮುಚ್ಚಿದರೆ ಸೋಮವಾರವೇ. ಬಸ್ಸಿನಲ್ಲಿ ಮಂದಾ ತೊದಲುತ್ತಿದ್ದಳು, ಆಮೇಲೆ ತೊದಲುವುದನ್ನೂ ಬಿಟ್ಟಳು. ಊರ್ಮಿಳಾ ಮೂಗಿನ ಬಳಿ ಬೆರಳು ಹಿಡಿದೇ ಕೂತಿದ್ದಳು. ಇದ್ದಕ್ಕಿದ್ದಂತೆ ತೊಡೆಯ ಮೇಲಿನ ಭಾರ ಕಡಿಮೆಯಾಯಿತೆನ್ನಿಸಿ ಕಂಬಳಿ ಸರಿಸಿ ನೋಡಿದಳು. ಮಗು ಇತ್ತು. ಅವಳ ಕಣ್ಣಿಗೂ ಮಸುಕಾಗತೊಡಗಿತ್ತು.

ಕಚೇರಿಯ ಪಡಸಾಲೆಯ ಉದ್ದಕ್ಕೂ ನೆಲಕ್ಕೆ ಹಚ್ಚಿದ ಪಾಲಿಶ್ ವಾಸನೆ. ಅದರ ಕೆಳಗೆ, ಅದನ್ನು ಮೀರಿ, ಸುಟ್ಟ ಬತ್ತಿಯ ವಾಸನೆ. ಟಪ್. ಟಪ್. ಸೇತುಮಾಧವನ ಹಿಂದೆ ಹೆಜ್ಜೆಗೊಂದು. ಗಡಿಯಾರದಲ್ಲಿ ಹನ್ನೊಂದೂವರೆ.

ಗುಮಾಸ್ತ ವಯಸ್ಸಾದವನು. ಕೋಟಿನ ಎಡ ತೋಳು ಖಾಲಿ, ಮಡಚಿ ಪಿನ್ ಹಾಕಿತ್ತು. ಯುದ್ಧದಲ್ಲಿ ಹೋದದ್ದಿರಬೇಕು. ಊರ್ಮಿಳಾ ಹೇಳಿದ್ದನ್ನು ಕೇಳಿ ಫಾರ್ಮ್ ಮುಂದಿಟ್ಟ. "ಮಗುವಿನ ಕುಟುಂಬದ ಹೆಸರು ತಪ್ಪಾಗಿ ದಾಖಲಾಗಿದೆ, ತಾಯಿಯ ಹೆಸರಿಗೆ ಬದಲಾಯಿಸಬೇಕು. ಸರಿ. ಆದರೆ ತಂದೆಯ ಸಹಿ ಬೇಕು. ನನ್ನ ಎದುರಿಗೆ ಹಾಕಬೇಕು."

ಸೇತುಮಾಧವ ಪೆನ್ನು ಎತ್ತಿಕೊಂಡು ಸಹಿ ಹಾಕಿದ. ಮಸಿ ಇಳಿಯಲಿಲ್ಲ. ಒತ್ತಿ ಬರೆದ. ಕಾಗದದಲ್ಲಿ ಗೀರು ಸಹ ಬೀಳಲಿಲ್ಲ. ಐದು ತಲೆಮಾರು ಹೆಸರು ಬರೆದ ಕೈ. ಮತ್ತೆ ಬರೆದ. ಮತ್ತೆ. ಗೆರೆ ಖಾಲಿಯಾಗಿಯೇ ಇತ್ತು.

"ತಂದೆ ಎಲ್ಲಿದ್ದಾರೆ?" ಗುಮಾಸ್ತ ಕೇಳಿದ.

ಊರ್ಮಿಳಾ ಪಕ್ಕಕ್ಕೆ ನೋಡಿದಳು. ಗಂಡ ಅಲ್ಲೇ ಇದ್ದ, ಹೊಗೆ ಹಿಡಿದ ಗಾಜಿನಾಚೆ ಇದ್ದಂತೆ. ತುಟಿ ಆಡಿಸುತ್ತಿದ್ದ. ಅವಳು ಓದಿದಳು. ಇಲ್ಲಾ ಅನ್ನು.

"ಅವರು ಇಲ್ಲ."

"ತೀರಿಕೊಂಡರೇ? ಹಾಗಿದ್ದರೆ ಪತ್ರ ಬೇಕು."

"ತೀರಿಕೊಂಡಿಲ್ಲ. ಇಲ್ಲ, ಅಷ್ಟೇ."

ಗುಮಾಸ್ತ ಅವಳ ಮುಖ ನೋಡಿದ. ಇಂಥ ಹೆಂಗಸರನ್ನು ಅವನು ಇಪ್ಪತ್ತೈದು ವರ್ಷದಿಂದ ಈ ಮೇಜಿನ ಆಚೆ ನೋಡಿದ್ದ. ರಷ್ಯಾದಿಂದ ಬಾರದವರ ಹೆಂಡಿರು, ಕಾಗದವೂ ಹೆಣವೂ ಬಾರದವರ ತಾಯಂದಿರು. ಅವನ ದನಿ ಮೆತ್ತಗಾಯಿತು. "ಫೆರ್‌ಶೋಲೆನ್," ಎಂದ. ನಾಪತ್ತೆ ಎಂಬುದಕ್ಕೆ ಅವರ ಮಾತು. "ಅದಕ್ಕೊಂದು ಖಾನೆಯಿದೆ. ತಾಯಿಯ ಸಹಿ ಒಂದೇ ಸಾಕು. ಆದರೆ ಒಂದು ಪ್ರಶ್ನೆ ಕೇಳಲೇಬೇಕು, ಕ್ಷಮಿಸಿ. ನೀವು ಅವರನ್ನು ಹುಡುಕುತ್ತಿದ್ದೀರಾ? ಹುಡುಕುತ್ತಿದ್ದರೆ ಅವರ ಹೆಸರು ಕಡತದಲ್ಲಿ ಹಾಗೇ ಇರಬೇಕು, ಮಗುವಿನ ಮುಂದೆಯೂ."

ಊರ್ಮಿಳಾ ಮಗುವಿನತ್ತ ಬಾಗಿದಳು. ಕಂಬಳಿಯೊಳಗೆ ಕೈ ಹಾಕಿದಳು. ಮಗುವಿನ ಎದೆ ತಣ್ಣಗೆ. ಬಡಿತ ಒಂದು. ಕಾದಳು. ಇನ್ನೊಂದು ಬರಲೇ ಇಲ್ಲ ಎನ್ನುವಷ್ಟು ಹೊತ್ತಿಗೆ ಬಂತು.

ಸೇತುಮಾಧವ ಅವಳ ಮುಂದೆ ಬಂದು ನಿಂತ. ಹೇಳಬಾರದೆಂದು ಅವನ ಇಡೀ ಜೀವ ಕಿರುಚುತ್ತಿತ್ತು. ಇಷ್ಟು ದಿನ ಒಬ್ಬಳ ಕಣ್ಣಲ್ಲಾದರೂ ಇದ್ದೆ. ಈ ಒಂದು ಮಾತಿನಿಂದ ಅದೂ ಹೋಗುತ್ತದೆ. ಹ್ಯೂ ತನ್ನ ಬಾಗಿಲ ಮುಂದೆ ನಿಂತು ಕೂಗಿದನಲ್ಲ, ಆಗ ಅವನಿಗೆ ಏನಾಗಿತ್ತು ಎಂದು ಸೇತುಮಾಧವನಿಗೆ ಈಗ ಅರ್ಥವಾಯಿತು. ಹ್ಯೂ ಮಾಡಿದ ಪಾಪವೊಂದಾದರೂ ಇತ್ತು. ತನ್ನದೇನು, ಬರೀ ಜಂಬ.

ಅವನು ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ಅವಳಿಗೆ ಆ ಕೈ ತಿಳಿಯಲಿಲ್ಲ. ತುಟಿ ಮಾತ್ರ ಕಂಡಿತು. ಹುಡುಕ್ತಾ ಇಲ್ಲಾ ಅನ್ನು, ಊರ್ಮೀ. ಲಗೂನ ಅನ್ನು.

"ಇಲ್ಲ," ಎಂದಳು ಊರ್ಮಿಳಾ. "ಹುಡುಕುತ್ತಿಲ್ಲ."

ಗುಮಾಸ್ತ ತಲೆಯಾಡಿಸಿದ. ಖಾನೆಯಲ್ಲಿ ಗುರುತು ಹಾಕಿದ. ಕಡತ ಎಳೆದು, ಹಳೆಯ ಹೆಸರಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದ. ಮೇಲೆ ಹೊಸದು ಬರೆದ. ಮಂದಾಕಿನಿ ಗಲಗಲಿ. ಒಂದೇ ಕೈಯವನು, ಕಾಗದವನ್ನು ಎಡಗಡೆಯ ಮೊಂಡು ತೋಳಿನಿಂದ ಒತ್ತಿಹಿಡಿದು ಮೊಹರು ಎತ್ತಿದ. ಕುಕ್ಕಿದ.

ಕಂಬಳಿ ಅಲ್ಲಾಡಿತು. ಮಂದಾ ಕೆಮ್ಮಿದಳು, ಕಣ್ಣು ತೆರೆದಳು, ಕಂಬಳಿಯನ್ನು ಕಾಲಿನಿಂದ ಒದ್ದಳು. "ಸೆಕಿ ಆಗ್ತದ ಅವ್ವಾ, ಇಳಸು."

"ಓಹೋ, ಇವಳೇನು ನಮ್ಮ ಗಲಗಲಿ?" ಎಂದ ಗುಮಾಸ್ತ ಅವಳತ್ತ ಬಾಗಿ.

ಊರ್ಮಿಳಾ ಮಗಳ ಕೆನ್ನೆ, ಕುತ್ತಿಗೆ, ಅಂಗೈ ಮುಟ್ಟಿ ಮುಟ್ಟಿ ನೋಡಿದಳು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಥಟ್ಟನೆ ಪಕ್ಕಕ್ಕೆ ತಿರುಗಿ, ಯಾರಿಗೋ ತೋರಿಸುವಂತೆ ಮಗುವನ್ನು ಎತ್ತಿ ಹಿಡಿದಳು. ಅಲ್ಲಿ ಗೋಡೆಯಿತ್ತು. ತಾನು ಯಾಕೆ ಹಾಗೆ ತಿರುಗಿದೆ ಎಂದು ಅವಳಿಗೆ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು, ಗುಮಾಸ್ತನಿಗೆ ಥ್ಯಾಂಕ್ಸ್ ಹೇಳಿ, ಮಗಳ ಕೈ ಹಿಡಿದು ಹೊರಟಳು.

ಸೇತುಮಾಧವ ಅವರ ಹಿಂದೆ ನಡೆದ. ಬಾಗಿಲು ಅವನಿಗಾಗಿ ಕಾಯಲಿಲ್ಲ. ಮೆಟ್ಟಿಲ ಮೇಲೆ ಕರೆದ. ಊರ್ಮೀ. ಮಂದಾ. ಮೊದಲು ಮೆಲ್ಲಗೆ, ಆಮೇಲೆ ಎದೆ ಬಿರಿಯುವಂತೆ. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಯಾರೂ ತಿರುಗಲಿಲ್ಲ.

ಬಸ್ ಸ್ಟಾಪಿನಲ್ಲಿ ಊರ್ಮಿಳಾ ಎರಡು ಸಲ ಹಿಂದೆ ನೋಡಿದಳು.

"ಯಾರು ಬರ್ಬೇಕು ಅವ್ವಾ?" ಮಂದಾ ಕೇಳಿದಳು.

ಊರ್ಮಿಳಾ ಯೋಚಿಸಿದಳು. ಹಣೆ ಗಂಟಿಕ್ಕಿತು. "ಯಾರೂ ಇಲ್ಲಾ ಪುಟ್ಟಿ," ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಬಸ್ಸು ಬಂತು. ಒಂದು ದೊಡ್ಡವರ ಟಿಕೆಟು, ಒಂದು ಮಕ್ಕಳದು. ಬಾಗಿಲು ಮುಚ್ಚಿತು. ಮಂದಾ ಕಿಟಕಿಯ ಪಕ್ಕ ಕೂತು, ಗಾಜಿಗೆ ಬಾಯಿ ಹಚ್ಚಿ ಹಾ ಎಂದು ಉಸಿರು ಬಿಟ್ಟಳು. ಹೊರಗೆ ನಿಂತ ಸೇತುಮಾಧವ ಅದೇ ಜಾಗಕ್ಕೆ ಕೈ ಒತ್ತಿದ. ಗಾಜು ಒಳಗಿನಿಂದ ಮಂಜಾಯಿತು. ಮಗಳ ಉಸಿರು ಬೆಚ್ಚಗಿತ್ತು, ಅದು ಅವನಿಗೆ ಕಾಣುತ್ತಿತ್ತು. ಅವನ ಕೈ ತಣ್ಣಗೇ ಇತ್ತು. ಬಸ್ಸು ಹೊರಟಿತು.